ಮೂರನೆಯ ಪೊಟ್ಟಣ

ಅಥವಾ ಆ ಒಂದೇ ಶಾಲು ಇಬ್ಬರ ಹೆಗಲ ಮೇಲೂ ಒಟ್ಟಿಗೆ ಬಿದ್ದೇ ಇರಲಿಲ್ಲವೇನೋ. ಒಂದು ಶಾಲು, ಇಬ್ಬರು ಮನುಷ್ಯರು, ಚಪ್ಪಾಳೆ: ಚಿತ್ರ ಅತಿಯಾಗಿ ಚೆನ್ನಾಗಿದೆ. ಇಷ್ಟು ಚೆನ್ನಾಗಿರುವುದನ್ನು ನೆನಪು ತಾನೇ ನೇಯ್ದುಕೊಂಡಿರುತ್ತದೆ. ಇವತ್ತಿನ ಪತ್ರಿಕೆಯಲ್ಲಿ ಯಾವುದೋ ಕಂಪನಿ ತನ್ನ ವಿಜ್ಞಾನಿಗೆ ಸನ್ಮಾನ ಮಾಡಿದ ಫೋಟೋ ನೋಡಿದೆ. ಅವರೊಬ್ಬರೇ ನಗುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬರು ಇರಬೇಕಿತ್ತಲ್ಲ ಅನ್ನಿಸಿ ಮನಸ್ಸು ಭದ್ರಾವತಿಗೆ ಜಾರಿತು.

ಐವತ್ತರ ದಶಕದ ಕೊನೆಯಿರಬೇಕು. ನಾನು ಅಲ್ಲಿನ ಎರಕದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕಿರಿಯ ಕೆಮಿಸ್ಟ್. ಗಾಜು ಒಡೆಯುವುದರಲ್ಲಿ ಮಾತ್ರ ಹಿರಿಯ. ಹಿರಿಯರಿಬ್ಬರು: ಆಯನೂರಿನ ರೈತರ ಮನೆಯ ಶಿವಣ್ಣ, ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ವ್ಯಾಪಾರಿಗಳ ಮನೆಯ ರಹೀಂ ಸಾಹೇಬರು. ಎರಕದ ಚಕ್ರಗಳು ಬಿರುಕು ಬಿಡುತ್ತಿದ್ದವು. ಕೊಂಡು ತಂದ ಹಳೆ ಕಬ್ಬಿಣದಲ್ಲಿ ರಂಜಕ, ಅಂದರೆ ಫಾಸ್ಫರಸ್, ಹೆಚ್ಚಿರುವುದೇ ಕಾರಣವೆಂದು ಇವರಿಬ್ಬರೂ ಸೇರಿ ಹಿಡಿದರು. ಮಾಲೀಕರಿಗೆ ಖುಷಿಯೋ ಖುಷಿ. ಊರಿನ ಮುಂದೆ ಸನ್ಮಾನ ಎಂದರು. ಆದರೆ ಒಬ್ಬರಿಗೇ.

'ನೀವೇ ಇಟ್ಕೊಳಿ' ಎಂದು ಇಬ್ಬರೂ ಹೇಳಿದರೆಂದು ನೀವು ಊಹಿಸಿದರೆ, ಓದುಗರೇ, ನೀವು ಕೆಮಿಸ್ಟರನ್ನು ಕಂಡಿಲ್ಲ.

“ಗಾಂಧಿ ಬಜಾರಲ್ಲಿ ನಮ್ಮಣ್ಣ ಇನ್ನೂ ನಾನು ಬಾಟ್ಲಿ ತೊಳೀತೀನಿ ಅಂತಾನೆ. ಮೈಕಲ್ಲಿ ನನ್ನ ಹೆಸರು ಬರ್ಬೇಕು” ಎಂದರು ರಹೀಂ ಸಾಹೇಬರು.

“ನಮ್ಮಪ್ಪ ಕೇಳ್ತಾರೆ, ಕಬ್ಬಿಣಕ್ಕೂ ಜ್ವರ ಬರುತ್ತೇನೋ ಅಂತ. ನಂಗೇನು ಬೇಡ್ವಾ ಮಾರಾಯ್ರೆ?” ಎಂದರು ಶಿವಣ್ಣ.

ಕಬ್ಬಿಣ ಕೊಳ್ಳುವಾಗ ಮಾದರಿಯನ್ನು ಮೂರು ಪೊಟ್ಟಣ ಮಾಡುವುದು ಆಗ ವಾಡಿಕೆ. ಮಾರುವವರಿಗೊಂದು, ನಮಗೊಂದು, ಮೊಹರು ಹಾಕಿ ಎತ್ತಿಟ್ಟದ್ದು ಇನ್ನೊಂದು. ಇಬ್ಬರ ಪರೀಕ್ಷೆ ಹೊಂದದಿದ್ದರೆ ಮೂರನೆಯದನ್ನು ಬೇರೆಯವರು ಒಡೆದು ನೋಡಬೇಕು. ಯಾರ ಅಂಕಿ ಅದಕ್ಕೆ ಹತ್ತಿರವೋ ಅವರು ಗೆದ್ದಂತೆ. ಸನ್ಮಾನವನ್ನೂ ಹಾಗೆಯೇ ತೀರ್ಮಾನಿಸೋಣ ಎಂದು ಇಬ್ಬರೂ ಒಪ್ಪಿದರು. ಒಂದೇ ಕಬ್ಬಿಣದ ಪುಡಿಯಲ್ಲಿ ರಂಜಕ ಎಷ್ಟಿದೆಯೆಂದು ಇಬ್ಬರೂ ಬೇರೆಬೇರೆ ಅಳೆದರು. ಅಂಕಿಗಳು ಕೂಡಲಿಲ್ಲ.

“ಅಂಪೈರು ನೀನೇ. ಕೈ ನಡುಗಿಸ್ಬೇಡ ಮತ್ತೆ!” ಎಂದು ಮೊಹರು ಹಾಕಿದ ಮೂರನೆಯ ಪೊಟ್ಟಣವನ್ನು ನನಗೆ ಕೊಟ್ಟರು.

ಮೊಹರು ಒಡೆದು ಅಳೆದೆ. ನನ್ನ ಅಂಕಿ ಅವರಿಬ್ಬರ ಅಂಕಿಗಳ ನಟ್ಟನಡುವೆ ಬಂತು. ಮತ್ತೆ ಮಾಡಿದೆ, ಅಲ್ಲೇ. ನೀವು ನಗುತ್ತೀರಿ, ಗೊತ್ತು. ಅವರೂ ನಂಬಲಿಲ್ಲ.

“ಇವ್ನು ರಾಜಕೀಯಕ್ಕೆ ಹೋಗ್ಬೇಕಿತ್ತು ಶಿವಣ್ಣ.”

“ಸುಮ್ನಿರಿ ಸಾಬ್ರೇ, ನಿಯಮ ನಿಯಮಾನೇ. ಇಬ್ರೂ ಸಮ ಅಂದ್ಮೇಲೆ ಬನ್ನಿ, ಎರಡು ಹೆಸರು ಕೂಗಿ ಅಂತ ಹೇಳೋಣ.”

ಮ್ಯಾನೇಜರು ತಲೆ ಚಚ್ಚಿಕೊಂಡರು. “ಒಂದೇ ಶಾಲು ತರ್ಸಿದೀವಲ್ರೀ!”

“ಅದು ನಿಮ್ಮ ಕಷ್ಟ ಸಾರ್” ಎಂದರು ಇಬ್ಬರೂ.

ಮೈಕಿನಲ್ಲಿ ಎರಡು ಹೆಸರೂ ಕೇಳಿಸಿದವು. ಶಾಲಿನ ಮಾತು ಬಿಡಿ, ಇದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಆಯನೂರಿನ ಅಪ್ಪ, ಗಾಂಧಿ ಬಜಾರಿನ ಅಣ್ಣ ಇಬ್ಬರೂ ಎದ್ದು ನಿಂತದ್ದನ್ನು ಕಣ್ಣಾರೆ ಕಂಡೆ.

ಫೋಟೋದಲ್ಲಿರುವ ಒಂಟಿ ವಿಜ್ಞಾನಿಯ ಮೇಲೆ ನನಗೀಗ ಕೋಪವಿಲ್ಲ. ಅವರ ಊರಿನಲ್ಲಿ ಮೂರನೆಯ ಪೊಟ್ಟಣ ಒಡೆಯುವವರು ಇರಲಿಲ್ಲವೇನೋ. ರಂಜಕದ ಅನುಮಾನ ಮೊದಲು ಬಂದದ್ದು ಯಾರಿಗೆ ಎಂದು ಎಷ್ಟೋ ವರ್ಷಗಳ ನಂತರ ಶಿವಣ್ಣನವರನ್ನು ಕೇಳಿದ್ದೆ, ರಹೀಂ ಸಾಹೇಬರನ್ನೂ ಕೇಳಿದ್ದೆ. ಇಬ್ಬರೂ ರೆಪ್ಪೆ ಬಡಿಯದೆ “ನಂಗೇ” ಎಂದರು. ಯಾರಿಗೋ, ನನಗೆ ಗೊತ್ತಿಲ್ಲ.