ಅಂಗಡಿ ಕೀಬೋರ್ಡಿನೊಳಗಿನ ನನ್ನ ಹಾಡು

ಪುಣೆ ಕ್ಯಾಂಪಿನ ನಮ್ಮ ಆಫೀಸಿನ ಎದುರಿಗೇ ಒಂದು ವಾದ್ಯದ ಅಂಗಡಿ. ಮಾಲೀಕರು ಬಿಜಾಪುರದ ಕಡೆಯವರು. ಕನ್ನಡ ಮಾತಾಡುವ ಆಸೆಗೆ, ಏನೂ ಕೊಳ್ಳದ ನನ್ನನ್ನೂ ಒಳಗೆ ಬಿಡುತ್ತಿದ್ದರು. ಅಲ್ಲಿಟ್ಟಿದ್ದ ಕೀಬೋರ್ಡಿನಲ್ಲಿ ಒಂದೊಂದೇ ವಾದ್ಯದ ದನಿ ನುಡಿಸಿ, ಒಂದರ ಮೇಲೊಂದು ರೆಕಾರ್ಡ್ ಮಾಡುತ್ತ ಇಡೀ ಹಾಡು ಕಟ್ಟಬಹುದಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ನಾನು ನನ್ನದೇ ಒಂದು ಧಾಟಿಯನ್ನು ಕೊಳಲಿನ ದನಿಯಲ್ಲಿ ತುಂಬಿಸಿ ಬಂದೆ.

ಮರುದಿನ ಮಾಲೀಕರು ಕರೆದರು. "ನಿಮ್ಮ ಕೊಳಲಿಗೆ ಯಾರೋ ತಬಲಾ ಕೂಡಿಸ್ಯಾರ, ಕೇಳ್ರಿ."

ಕೇಳಿದೆ. ಕುಣಿಯುವುದೊಂದು ಬಾಕಿ. "ಯಾರ್ರೀ ಅವರು?"

"ಬ್ಯಾಂಕಿನ ಮೇಡಮ್ ಒಬ್ಬರು ಸಂಜಿಮುಂದ ಬರ್ತಾರ್ರಿ. ನಿಮ್ಮ ಹಾಡು ಭಾಳ ಹಿಡಿಸೇದ ಅವರಿಗೆ."

ಆಮೇಲೆ ಪಿಟೀಲು ಬಂತು, ಗಿಟಾರ್ ಬಂತು. ನಾನು ಆಫೀಸಿನಲ್ಲಿ ಫೈಲಿನ ಮೇಲೆ ತಾಳ ಹಾಕುತ್ತ ಕೂತೆ. ಶನಿವಾರ ಮಾಲೀಕರು ಹಾಡು ಪೂರ್ತಿಯಾಯಿತೆಂದು ಗುಂಡಿ ಒತ್ತಿದರು. ಗಿರಾಕಿಗಳೆಲ್ಲ ತಿರುಗಿ ನೋಡಿದರು, ಅಷ್ಟು ಚೆನ್ನಾಗಿತ್ತು. ಕೊಳಲು ಮಾತ್ರ ಇರಲಿಲ್ಲ.

"ಅದು ಜರಾ ಅಡ್ಡ ಬರ್ತಿತ್ತಂತ್ರಿ, ಅಳಿಸ್ಯಾರ," ಎಂದರು ಮಾಲೀಕರು, ಮೆಲ್ಲಗೆ.

ಅಷ್ಟರಲ್ಲಿ ಗಿರಾಕಿಯೊಬ್ಬರು ಯಾರದು ಈ ಹಾಡು ಎಂದು ಕೇಳಿದರು. ಮಾಲೀಕರು ಪಾಪ, ನನ್ನ ಕಡೆ ಕೈ ತೋರಿಸಿದರು. ನಾನು ಎರಡೂ ಕೈ ಜೋಡಿಸಿ, ಚೆನ್ನಾಗಿ ಬಗ್ಗಿ ನಮಸ್ಕಾರ ಮಾಡಿದೆ.