ತಂಗಿಯ ತೆಳ್ಳನೆಯ ಲ್ಯಾಪ್‌ಟಾಪ್

ನಾನೂ ನನ್ನ ಚಿಕ್ಕಪ್ಪನ ಮಗಳೂ ಮಾಡುವುದು ಒಂದೇ ಕೆಲಸ. ಕಾಫಿ ಎಸ್ಟೇಟ್‌ಗಳಲ್ಲಿ ನಿಲ್ಲಿಸಿರುವ ಮಳೆ ಅಳೆಯುವ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುತ್ತೇವೆ. ಆಗಾಗ ತೋಟಗಳಿಗೆ ಹೋಗಿ, ಯಂತ್ರಕ್ಕೆ ಕೇಬಲ್ ಚುಚ್ಚಿ, ಅದು ಕೂಡಿಟ್ಟ ಮಾಹಿತಿಯನ್ನು ಇಳಿಸಿಕೊಂಡು ಬರುತ್ತೇವೆ. ಯಸಳೂರು ಕಡೆಯ ತೋಟಗಳು ನನ್ನವು, ಆನೇಮಹಲ್ ಸುತ್ತಿನವು ಅವಳವು. ಅವಳಿಗೆ ಪ್ರೋಗ್ರಾಂ ಬರೆಯುವುದನ್ನು ಮೊದಲು ಕಲಿಸಿದ್ದು ನಾನು, ನಮ್ಮ ಮನೆಯ ಊಟದ ಮೇಜಿನ ಮೇಲೆ. ಅದನ್ನು ನಾನು ಮರೆತಿರಲಿಲ್ಲ. ಅವಳು ಮರೆತಿದ್ದಾಳೆ ಅಂದುಕೊಂಡಿದ್ದೆ.

ನನ್ನ ಲ್ಯಾಪ್‌ಟಾಪ್ ಒಳಕಲ್ಲಿನ ಹಾಗೆ ಭಾರ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟರೆ ಕಾಲು ಜೋಮು ಹಿಡಿಯುತ್ತಿತ್ತು, ಸಕಲೇಶಪುರ ಮುಟ್ಟುವ ಮೊದಲೇ ಚಾರ್ಜ್ ಮುಗಿಯುತ್ತಿತ್ತು. ಒಮ್ಮೆ ಬೆಳೆಗಾರರೊಬ್ಬರ ಮನೆಗೆ ನಮ್ಮಿಬ್ಬರನ್ನೂ ಮಳೆಯ ವಿವರ ತೋರಿಸಲು ಕರೆದಿದ್ದರು. ಮಧ್ಯೆ ಕರೆಂಟ್ ಹೋಯಿತು, ನನ್ನದು ಆರಿತು. ತಂಗಿ ತನ್ನ ತೆಳ್ಳನೆಯ ಲ್ಯಾಪ್‌ಟಾಪನ್ನು ಒಂದೇ ಕೈಯಲ್ಲಿ ಬಿಡಿಸಿ, ಏನೂ ಆಗಿಲ್ಲವೆಂಬಂತೆ ಮಾತು ಮುಂದುವರಿಸಿದಳು. "ನಿಮ್ದನ್ನ ಕರೆಂಟ್ ಬಂದ್ಮೇಲೆ ನೋಡಣ ಬುಡಿ" ಎಂದು ಆ ಬೆಳೆಗಾರರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡರು. ಮನೆಗೆ ಬಂದರೂ ಆ ಕುರ್ಚಿ ತಿರುಗಿದ ಸದ್ದು ನನ್ನ ಕಿವಿ ಬಿಡಲಿಲ್ಲ.

ನನ್ನದು ಪೂರ್ತಿ ಕೆಟ್ಟಾಗ, ಬೇರೆ ಯಾರೂ ತಿಳಿದವರಿಲ್ಲದೆ, ಯಾವುದು ಕೊಳ್ಳಲಿ ಎಂದು ಅವಳನ್ನೇ ಕೇಳಬೇಕಾಯಿತು. ನಿನ್ನಂಥದ್ದೇ ತಗೊಳ್ಳಲಾ ಅಂದೆ.

"ಇದು ಬ್ಯಾಡ ಕಣಕ್ಕ. ನಿಂಗೆ ಆಗಿಬರಲ್ಲ. ಸ್ವಲ್ಪ ದಪ್ಪ ಇದ್ರೂ ಚಿಂತಿಲ್ಲ, ಹಳೇ ಕೇಬಲ್ ಹಿಡಿಯೋದು ತಗೋ."

ಬಿಸಿಲಿನಲ್ಲಿ ಹೊಳೆಯದ ಪರದೆ ಇರಲಿ, ಕೆಟ್ಟರೆ ಹಾಸನದಲ್ಲೇ ರಿಪೇರಿ ಆಗುವಂತಿರಲಿ ಎಂದೂ ಹೇಳಿದಳು. ನನ್ನ ಕಿವಿಗೆ ಬಿದ್ದದ್ದು ಮಾತ್ರ 'ನಿಂಗೆ ಆಗಿಬರಲ್ಲ' ಎಂಬುದೊಂದೇ. ತನ್ನಂಥದ್ದು ನನ್ನ ಕೈಯಲ್ಲಿರುವುದು ಇವಳಿಗೆ ಸಹಿಸದು ಅಂದುಕೊಂಡೆ. ಸಹಿಸದಿದ್ದವಳು ನಾನು.

ಹಾಸನದ ಅಂಗಡಿಯಲ್ಲಿ, ಯಾವುದಾದರೂ ಯಂತ್ರಕ್ಕೆ ಜೋಡಿಸುವುದಿದೆಯೇ ಎಂದು ಅಂಗಡಿಯವರು ಕೇಳಿದರು. ಇಲ್ಲ, ಓಡಾಟ ಜಾಸ್ತಿ, ಅಷ್ಟೆ ಎಂದು ಸುಳ್ಳು ಹೇಳಿದೆ. ಇದೆ ಎಂದಿದ್ದರೆ ಅವರೂ ದಪ್ಪನೆಯದನ್ನೇ ತೋರಿಸುತ್ತಿದ್ದರು. ಅವಳದ್ದೇ ಮಾಡೆಲ್ ಕೊಂಡೆ, ಮೆಮೊರಿ ಮಾತ್ರ ಅವಳದಕ್ಕಿಂತ ಹೆಚ್ಚಿನದು. ಆ ಒಂದು ಹೆಚ್ಚಿನ ಸುಖದಲ್ಲಿ, ಮನೆಯಲ್ಲಿ ಪರೀಕ್ಷಿಸಿ ನೋಡುವ ತಾಳ್ಮೆಯೂ ಉಳಿಯಲಿಲ್ಲ.

ಮೂರನೆಯ ದಿನ ಬಿಸಿಲೆ ಘಾಟಿ ಕಡೆಯ ಒಂದು ಎಸ್ಟೇಟ್‌ಗೆ ಹೋದೆ. ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದು ಎರಡು ದಿನವಾಗಿತ್ತು. ಎಷ್ಟು ಬಿದ್ದಿದೆ ಎಂದು ತಿಳಿದುಕೊಂಡು, ಸಾಲದಿದ್ದರೆ ಸ್ಪ್ರಿಂಕ್ಲರ್ ಹಾಕಿಸಲು ಯಜಮಾನರು ಕಾದಿದ್ದರು. ಕೇಬಲ್ಲಿಗೆಂದು ಒಂದು ಅಡಾಪ್ಟರ್ ಒಯ್ದಿದ್ದೆ. ಆದರೆ ಆ ಯಂತ್ರದ ಜೊತೆ ಬಂದಿದ್ದ ಹಳೆಯ ಸಾಫ್ಟ್‌ವೇರ್ ನನ್ನ ಹೊಸ ಲ್ಯಾಪ್‌ಟಾಪಿನೊಳಗೆ ಕೂರಲೇ ಇಲ್ಲ. ಬಿಸಿಲಿಗೆ ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಯಂತ್ರವೇ ಕೆಟ್ಟಿರಬಹುದು ಎಂದುಬಿಟ್ಟೆ.

"ಹಂಗಾದ್ರೆ ಇವತ್ತೇ ಬಿಚ್ಚಿಸ್ಬುಡ್ತೀನಿ" ಎಂದು ಯಜಮಾನರು ತೋಟದ ಲೆಕ್ಕ ನೋಡುವ ರೈಟರನ್ನು ಕರೆದರು.

ಯಂತ್ರದಲ್ಲಿ ಏನೂ ದೋಷವಿರಲಿಲ್ಲ. ಒಂದು ನಿಮಿಷ ಇರಿ ಎಂದು, ಸಿಗ್ನಲ್ ಸಿಗುವ ದಿಬ್ಬ ಹತ್ತಿ ತಂಗಿಗೆ ಫೋನ್ ಮಾಡಿದೆ.

ದಾರಿಯಲ್ಲಿ ಆನೆ ಇದೆಯೆಂದು ಸುತ್ತು ಬಳಸಿ, ಮಧ್ಯಾಹ್ನದ ಹೊತ್ತಿಗೆ ಸ್ಕೂಟರಿನಲ್ಲಿ ಬಂದಳು. ಬ್ಯಾಗಿನಿಂದ ತೆಗೆದದ್ದು ಆ ತೆಳ್ಳನೆಯದನ್ನಲ್ಲ. ಮೂಲೆ ಒಡೆದ, ನನ್ನ ಹಳೆಯದರಷ್ಟೇ ದಪ್ಪದ ಒಂದು ಲ್ಯಾಪ್‌ಟಾಪನ್ನು. ಹತ್ತು ನಿಮಿಷದಲ್ಲಿ ಮಾಹಿತಿ ಇಳಿಯಿತು. ಯಜಮಾನರಿಗೆ "ಅಕ್ಕ ಎಲ್ಲಾ ಸರಿ ಮಾಡಿಟ್ಟಿದ್ರು, ನಂದು ಕೇಬಲ್ ಕೆಲ್ಸ ಅಷ್ಟೆ" ಎಂದಳು. ಅವಳು ನನ್ನನ್ನು ಬೈದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಗೇಟಿನ ಹತ್ತಿರ, ಎರಡು ಇಟ್ಟುಕೊಂಡಿರುವುದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ತೆಳ್ಳಗಿರೋದು ಬಸ್ಸಲ್ಲಿ ಬರೆಯೋಕೆ ಕಣಕ್ಕ. ನೀನು ಅದೊಂದ್ನೇ ನೋಡ್ತಿದ್ದೆ, ಇದ್ರ ಬಗ್ಗೆ ಕೇಳ್ಲೇ ಇಲ್ಲ."

ಅಂಗಡಿಯಲ್ಲಿ ಹೇಳಿದ ಸುಳ್ಳನ್ನು, ಯಂತ್ರದ ಮೇಲೆ ಹೊರಿಸಿದ ತಪ್ಪನ್ನು ಆಗ ಅವಳೆದುರು ಒಪ್ಪಿಕೊಂಡೆ. ಹೊಟ್ಟೆಕಿಚ್ಚು ಎಂಬ ಪದ ಮಾತ್ರ ಬಾಯಿಗೆ ಬರಲಿಲ್ಲ. ಅವಳಿಗೆ ತಿಳಿದಿತ್ತು ಅನ್ನಿಸುತ್ತದೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದು ಸ್ಕೂಟರ್ ಹತ್ತಿದಳು.

ಈಗ ನನ್ನ ಹತ್ತಿರವೂ ಒಂದು ದಪ್ಪನೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇದೆ, ಅವಳೇ ಆರಿಸಿಕೊಟ್ಟದ್ದು. ತೋಟದ ಕೆಲಸ ನಿಂತಿಲ್ಲ. ಹೋದ ವಾರ ಆಲೂರು ಕಡೆಯ ತೋಟಗಳೂ ತನಗೇ ಸಿಕ್ಕವೆಂದು ಅವಳು ಫೋನ್ ಮಾಡಿದಳು. ಒಳ್ಳೇದಾಯ್ತು ಕಣೇ ಎಂದೆ. ಎಷ್ಟು ತೋಟ, ಯಾರದ್ದು ಎಂದೆಲ್ಲ ವಿಚಾರಿಸಿದೆ. ಫೋನ್ ಇಟ್ಟವಳು, ಬೆಳಿಗ್ಗೆ ಗುಡಿಸಿದ್ದ ಅಂಗಳವನ್ನೇ ಮತ್ತೆ ಗುಡಿಸಿದೆ.