ತುಪ್ಪ ಬಿಡಿ

ನಮ್ಮಪ್ಪನಿಗೆ ತುಪ್ಪವಿಲ್ಲದ ಊಟ ಊಟವೇ ಅಲ್ಲ. ಹಳ್ಳಿಮೈಸೂರು ಕಡೆಯ ನಮ್ಮ ಮನೆಯಲ್ಲಿ ಹಾಲು ಕೊಡುವ ಎಮ್ಮೆ ಎರಡಿದ್ದವು. ಬಿಸಿ ಮುದ್ದೆಯ ನೆತ್ತಿಗೆ ಹೆಬ್ಬೆರಳಲ್ಲಿ ಗುಳಿ ಮಾಡಿ, ಅವ್ವ ಮಿಳ್ಳೆಯಲ್ಲಿ ಬಿಟ್ಟ ತುಪ್ಪ ಅದರಲ್ಲಿ ತುಂಬಿದ ಮೇಲೆಯೇ ಅವನು ಮೊದಲ ತುತ್ತು ಮುರಿಯುತ್ತಿದ್ದುದು. ಆ ತುತ್ತು ನನಗೆ. ಲಂಗ ಬಿಟ್ಟು ಸೀರೆ ಉಟ್ಟ ಮೇಲೂ ಅದು ತಪ್ಪಲಿಲ್ಲ.

ಅರವತ್ತರ ದಶಕದ ಮೊದಲಲ್ಲಿ ಒಂದು ದಿನ ಅಪ್ಪ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತುಬಿಟ್ಟ. ಮಾರನೆಯ ದಿನ, ಎಷ್ಟು ಹೇಳಿದರೂ ಕೇಳದೆ, ಒಬ್ಬನೇ ಬಸ್ಸು ಹತ್ತಿ ಹಾಸನದ ಡಾಕ್ಟರನ್ನು ಕಂಡು ಬಂದ. ಬಂದವನು ಅವ್ವನಿಗೆ ಹೇಳಿದ್ದು ಒಂದೇ ಮಾತು.

“ಡಾಕ್ಟ್ರು ತುಪ್ಪ ಬುಡಿ ಅಂದವ್ರೆ ಕಣೆ.”

ಬಿಡುವುದೆಂದರೆ ತಟ್ಟೆಗೆ ಬಿಡುವುದೆಂದೇ ಅವ್ವ ತಿಳಿದಳು. ಸೊರಗಿದ ಗಂಡನಿಗೆ ಶಕ್ತಿ ಬರಲೆಂದು ಹೇಳಿದ್ದಾರೆ ಅಂದುಕೊಂಡು, ಒಂದು ಮಿಳ್ಳೆ ಬಿಡುವಲ್ಲಿ ಎರಡು ಬಿಟ್ಟಳು. ಅಪ್ಪ ತಿದ್ದಲಿಲ್ಲ. ಕಳ್ಳ!

ತಿಂಗಳ ಮೇಲೆ ಮತ್ತೆ ತೋರಿಸಲು ಹೋದಾಗ ನಾನೂ ಅವ್ವನೂ ಜೊತೆಗಿದ್ದೆವು. ಡಾಕ್ಟರು ಅವ್ವನನ್ನು ಕೇಳಿದರು, “ತುಪ್ಪ ಬಿಟ್ರೇನಮ್ಮ?”

“ಬುಡ್ತಾ ಇವ್ನಿ ಸಾ. ಎರಡೊತ್ತೂ, ಎರಡೆರಡು ಮಿಳ್ಳೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಅಪ್ಪ ಗೋಡೆ ನೋಡುತ್ತಿದ್ದ. ರಕ್ತನಾಳದಲ್ಲಿ ಕೊಬ್ಬು ಕಟ್ಟಿದರೆ ಏನಾಗುತ್ತದೆಂದು, ತುಪ್ಪ, ಬೆಣ್ಣೆ, ಕೆನೆ ಮುಟ್ಟಬಾರದೆಂದು, ಸೊಪ್ಪು ಕಾಳು ತಿಂದುಕೊಂಡು ಇನ್ನೂ ಬಹಳ ಕಾಲ ಬಾಳಬಹುದೆಂದು ಅವರು ಬಿಡಿಸಿ ಹೇಳಿದರು. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಅವ್ವ ಅಪ್ಪನ ಕಡೆ ತಿರುಗಿದಳು. ಮೆಲ್ಲಗೆ ಅಂದಳು:

“ನನ್ ಕೈಲೇ ನನ್ ತಾಳಿ ಕೀಳುಸ್ತಿದ್ಯಲ್ಲ.”

ತುಪ್ಪದ ಗಡಿಗೆಗೆ ಬೀಗ ಬಿತ್ತು. ಅಪ್ಪ ಮುದ್ದೆ, ಹುರುಳಿಕಾಳು, ಸೊಪ್ಪಿನ ಸಾರು, ನೀರುಮಜ್ಜಿಗೆಯಲ್ಲಿ ದಿನ ದೂಡಿದ. ಗೊಣಗಿದ, ಆದರೆ ಮತ್ತೆ ಮೋಸ ಮಾಡಲಿಲ್ಲ. ಅವ್ವನ ಆ ಮಾತು ನಾಟಿತ್ತು. ಮೈ ಹಗುರವಾಗಿ ಮತ್ತೆ ನೇಗಿಲು ಹಿಡಿದ. ಹೆಬ್ಬೆರಳು ಮಾತ್ರ ಹಳೆಯ ಅಭ್ಯಾಸಕ್ಕೆ ಮುದ್ದೆಯಲ್ಲಿ ಗುಳಿ ಮಾಡುತ್ತಲೇ ಇತ್ತು.

ನಾನು ಅರಕಲಗೂಡಿಗೆ ಸೊಸೆಯಾಗಿ ಹೋದ ಮೇಲೆ ಒಂದು ಮಧ್ಯಾಹ್ನ ನೋಡಲು ಬಂದ. ಮುದ್ದೆ ಇಟ್ಟೆ. ಗುಳಿ ಮಾಡಿ ನನ್ನ ಮುಖ ನೋಡಿದ.

“ಒಂದ್ ತೊಟ್ಟು ಬುಡವ್ವ. ನಿಮ್ಮವ್ವಂಗೆ ಯೋಳ್ಬ್ಯಾಡ.”

ನಾನು ನಮ್ಮವ್ವನ ಮಗಳು. ಚೆನ್ನಾಗಿ ಬೈದು, ಗುಳಿಗೆ ಸಾರು ಬಿಟ್ಟೆ. ಅವನು ನಕ್ಕ. ಮೊದಲ ತುತ್ತು ಎಂದಿನಂತೆ ನನಗೇ ಕೊಟ್ಟ.

ಅದೇ ಕಡೆಯ ಸಲ ಅವನು ಬಂದದ್ದು. ಪಥ್ಯ ಮಾಡದಿದ್ದರೆ ನನ್ನ ಮದುವೆಯನ್ನೂ ಕಾಣುತ್ತಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ನಿಜವೇ. ನಾನು ಮಾಡಿದ್ದೂ ಸರಿಯೇ. ಆದರೂ ಆ ಒಂದು ತೊಟ್ಟು ಬಿಡಬಹುದಿತ್ತು ಅನ್ನಿಸುತ್ತದೆ.

ಈಗ ನನ್ನ ಡಾಕ್ಟರೂ ತುಪ್ಪ ಬಿಡಿ ಅನ್ನುತ್ತಾರೆ. ಬಿಟ್ಟು ಎಷ್ಟೋ ವರ್ಷವಾಯಿತು ಅನ್ನುತ್ತೇನೆ. ಮುದ್ದೆಯಲ್ಲಿ ಗುಳಿಯನ್ನು ಮಾತ್ರ ಇಂದಿಗೂ ಮಾಡುತ್ತೇನೆ. ಮೊದಲ ತುತ್ತು ಕೊಡುವವನು ಇಲ್ಲ.